ಎಮ್ಮೆ ಹಿಂಡುವವರು ಯಾರು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ‘ವಿದೇಶ ಪ್ರವಾಸ ಮತ್ತು ಬಿಡುವು’ ಎಂಬ ವಿಷಯವಾಗಿ ನೀಡಲಾದ ಉಪನ್ಯಾಸದ ಬರಹರೂಪ)



ಯಾವುದೇ ಊರಿನ ಶಾಲೆಯಲ್ಲಿ ಮಕ್ಕಳನ್ನು ‘ದೊಡ್ಡವರಾದ ಮೇಲೆ ಯಾವ ದೇಶ ನೋಡುವಿರಿ?’ ಎಂದು ಕೇಳಿದರೆ ಉತ್ತರಕ್ಕೆ ತಡವಾಗುವುದಿಲ್ಲ. ಸ್ವಿಟ್ಜರ್ಲೆಂಡ್, ಪ್ಯಾರಿಸ್, ಸಿಂಗಪುರ, ದುಬೈ ಎಂಬ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಅವುಗಳಲ್ಲಿ ಸ್ವಿಟ್ಜರ್ಲೆಂಡಿಗೆ ಮೊದಲ ಸ್ಥಾನ. ಹಿಮದ ಬೆಟ್ಟಗಳ ಮುಂದೆ ಹಾಡಿ ಕುಣಿದ ಚಲನಚಿತ್ರಗಳು ಎರಡು ತಲೆಮಾರುಗಳ ಕಾಲ ಆ ದೇಶವನ್ನು ಭಾರತೀಯರ ಕನಸಿನೊಳಗೆ ಇಳಿಸಿವೆ. ಅದರ ಋಣವನ್ನು ಆ ದೇಶವೂ ಮರೆತಿಲ್ಲ. ಇಂಟರ್‌ಲಾಕನ್ ಪಟ್ಟಣದಲ್ಲಿ 2016ರಲ್ಲಿ ಹಿಂದಿ ಚಿತ್ರ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ಸ್ಥಾಪಿಸಿತು.

ಮಕ್ಕಳ ಈ ಬಯಕೆಯನ್ನು ಕಂಡು ನಗುವ ಹಿರಿಯರಿದ್ದಾರೆ, ಗದರುವ ಹಿರಿಯರೂ ಇದ್ದಾರೆ. ಎರಡೂ ಅನಗತ್ಯ. ದೂರದ ನಾಡನ್ನು ಕಾಣುವ ಹಂಬಲ ಮನುಷ್ಯನಷ್ಟೇ ಹಳೆಯದು. ಎಪ್ಪತ್ತು ದಾಟಿದ ಮೇಲೆ ಅಮೆರಿಕೆಗೆ ಹೋಗಿಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಅಮೆರಿಕಾದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಶಿವರಾಮ ಕಾರಂತರು ಯುರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ ಕೊಟ್ಟರು. ಹೋಗಲಾಗದ ಸಾವಿರಾರು ಕನ್ನಡಿಗರು ಅಂಥ ಪುಸ್ತಕಗಳ ಮೂಲಕವೇ ಸಮುದ್ರ ದಾಟಿದರು. ಆದ್ದರಿಂದ ಬಯಕೆ ಸರಿಯೇ ತಪ್ಪೇ ಎಂಬುದು ಇಂದಿನ ಚರ್ಚೆಯಲ್ಲ. ಹೋಗಲು ಬಿಡುವು ಎಲ್ಲಿಂದ ಬರುತ್ತದೆ, ಹೋದರೆ ಹಿಂದೆ ಉಳಿದ ಕೆಲಸವನ್ನು ಯಾರು ಮಾಡುತ್ತಾರೆ, ಆ ಪ್ರಯಾಣದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಚರ್ಚೆ. ಇದನ್ನು ಗಾಳಿಯಲ್ಲಿ ಮಾತನಾಡದೆ ಒಂದು ಊರನ್ನು ಮುಂದಿಟ್ಟುಕೊಂಡು ನೋಡುವುದು ಒಳ್ಳೆಯದು.

ಆ ಊರು ಮಸಗುಪ್ಪಿ. ಬೆಳಗಾವಿ ಜಿಲ್ಲೆಯಲ್ಲಿ ಹಿಂದೆ ಗೋಕಾಕ ತಾಲೂಕಿನೊಳಗಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಬಯಲುಸೀಮೆಯ ಹಳ್ಳಿ. ಬೆಟ್ಟದವರ ಶಿಬಿರದಲ್ಲಿ ಬಯಲಿನ ಊರಿನ ಮಾತೇಕೆ ಎಂದು ಕೇಳಬಹುದು. ಆ ಸೀಮೆಗೆ ನೀರುಣಿಸುವ ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, ಮಹಾರಾಷ್ಟ್ರದ ನೆಲದಲ್ಲಿ, ಸುಮಾರು 884 ಮೀಟರ್ ಎತ್ತರದ ಬೆಟ್ಟದ ಮೇಲೆ. ಅಲ್ಲಿಂದ ಇಳಿದು, ಹಿಡಕಲ್ ಜಲಾಶಯದಲ್ಲಿ ನಿಂತು, ಗೋಕಾಕದ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕಿ, ಒಟ್ಟು 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಬೆಟ್ಟದಲ್ಲಿ ಸುರಿದ ಮಳೆ ಎರಡು ಮೂರು ದಿನಗಳಲ್ಲಿ ಬಯಲಿನವರ ಹೊಸ್ತಿಲಿಗೆ ಬರುತ್ತದೆ. ಈ ನಂಟು ಮುಂದೆಯೂ ನೆನಪಿನಲ್ಲಿರಲಿ.

ಕಬ್ಬು ಬೆಳೆಯುವ ಈ ಬಯಲಿನ ಒಂದು ಸಾಧಾರಣ ಮನೆತನದ ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮುಂಗಾರಿನಲ್ಲಿ ಗೋವಿನಜೋಳ. ಆಷಾಢ ಶ್ರಾವಣದಲ್ಲಿ ಅಡಸಾಲಿ ಕಬ್ಬಿನ ನಾಟಿ. ಅದು ಹದಿನಾರು ಹದಿನೆಂಟು ತಿಂಗಳು ನೆಲ ಬಿಡುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದರೆ, ಯಾರ ಹೊಲದ ಸರದಿ ಯಾವಾಗ ಬರುವುದೋ, ಕಡಿಯುವ ಗ್ಯಾಂಗು ಎಂದು ಬಂದು ಇಳಿಯುವುದೋ ಎಂಬ ಕಾಯುವಿಕೆ ಬೇಸಿಗೆಯವರೆಗೂ ನಡೆಯುತ್ತದೆ. ಕಡಿದ ಮೇಲೆ ಕುಳೆ ಕಬ್ಬಿನ ಆರೈಕೆ. ಪಂಪುಸೆಟ್ಟಿಗೆ ಮೂರು ಫೇಸಿನ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಎದ್ದು ನೀರು ತಿರುವಬೇಕು. ಇಷ್ಟಾದರೂ ಬೆಳೆ ಒಂದು ವಾರದ ಗೈರುಹಾಜರಿಯನ್ನು ಕ್ಷಮಿಸೀತು. ಎಮ್ಮೆ ಕ್ಷಮಿಸುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಹಿಂಡಲೇಬೇಕು. (ಮಲೆನಾಡಿನಲ್ಲಿ ಹಾಲು ‘ಕರೆಯುವುದು’ ಎಂದರೆ ಆ ಸೀಮೆಯಲ್ಲಿ ‘ಹಿಂಡುವುದು’.) ಹಿಂಡುವ ಕೈ ಬದಲಾದರೆ ಹಾಲು ಬಿಡದ ಎಮ್ಮೆಗಳೂ ಉಂಟು. ಆ ಕೈ ಬಹುತೇಕ ಮನೆಯ ಹೆಂಗಸಿನದು. ಆದ್ದರಿಂದ ಗಂಡಸು ಹೇಗೋ ನಾಲ್ಕು ದಿನ ಊರು ಬಿಟ್ಟಾನು. ಹೆಂಗಸಿಗೆ ತವರಿಗೆ ಹೋಗಿ ಎರಡು ರಾತ್ರಿ ತಂಗುವುದೂ ಕಠಿಣ. ಪ್ರವಾಸದ ಜಾಹೀರಾತುಗಳಲ್ಲಿ ಕುಟುಂಬವೆಂಬುದು ನಾಲ್ವರ ನಗುಮುಖದ ಚಿತ್ರವಾಗಿರುತ್ತದೆ. ಆ ಹೊತ್ತಿಗೆ ಅವರ ಮನೆಯ ಎಮ್ಮೆಯನ್ನು ಹಿಂಡುತ್ತಿರುವವರು ಯಾರೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ರಜೆ ಎಂಬುದು ಮಳೆಯಂತೆ ತಾನಾಗಿ ಬಂದುದಲ್ಲ. ಫ್ರಾನ್ಸಿನಲ್ಲಿ 1936ರ ಬೇಸಿಗೆಯಲ್ಲಿ ಕಾರ್ಮಿಕರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ಹೂಡಿದ ಮೇಲೆ ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆಯ ಕಾನೂನು ಬಂದಿತು. ರಿಯಾಯಿತಿ ರೈಲು ಟಿಕೆಟು ಹಿಡಿದು ಅನೇಕ ದುಡಿಮೆಗಾರರು ಬದುಕಿನಲ್ಲಿ ಮೊದಲ ಬಾರಿಗೆ ಸಮುದ್ರವನ್ನು ಕಂಡದ್ದು ಆಗಲೇ. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸಂಬಳಸಹಿತ ರಜೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆ, ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದ ರಜೆಯನ್ನು ಸಂಬಳದೊಡನೆ ಕೊಡಬೇಕೆಂದು ವಿಧಿಸಿತು. ಗೋಕಾಕದ ಜಲಪಾತದ ನೆತ್ತಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎದ್ದ ಹತ್ತಿಯ ಗಿರಣಿ ಪ್ರಸಿದ್ಧವಾದುದು. ನೀರಿನ ಬಲದಿಂದ ಅಲ್ಲಿ 1887ರಲ್ಲಿಯೇ ವಿದ್ಯುತ್ತು ಉತ್ಪಾದನೆಯಾಯಿತು. ಹೀಗಾಗಿ ಒಂದೇ ಹೊಳೆಯ ನೀರಿನಿಂದ ಬದುಕಿದ ಇಬ್ಬರಲ್ಲಿ, ಗಿರಣಿಯ ಕಾರ್ಮಿಕನಿಗೆ ರಜೆಯ ಲೆಕ್ಕ ಬರೆದಿಡುವ ಕಾನೂನು ಬಂದಿತು, ಕಾಲುವೆಯ ನೀರಿನಿಂದ ಕಬ್ಬು ಬೆಳೆದವನಿಗೆ ಬರಲಿಲ್ಲ. ಸಂಬಳ ಕೊಡುವ ಧಣಿಯೇ ಇಲ್ಲದವನಿಗೆ ರಜೆ ಕೊಡುವವರಾರು? ಕಬ್ಬು ಕಡಿಯುವವರ ಸ್ಥಿತಿ ಇನ್ನೂ ವಿಚಿತ್ರ. ಅವರು ವರ್ಷಕ್ಕೆ ಐದಾರು ತಿಂಗಳು ಹೆಂಡತಿ ಮಕ್ಕಳೊಡನೆ ಪರಸ್ಥಳದಲ್ಲಿಯೇ ಇರುತ್ತಾರೆ. ಅದನ್ನು ಪ್ರವಾಸವೆಂದು ಯಾರೂ ಕರೆಯುವುದಿಲ್ಲ.

ಹಾಗಾದರೆ ಆ ನಾಡಿನ ರೈತರು ಊರು ಬಿಟ್ಟು ಹೋದದ್ದೇ ಇಲ್ಲವೇ? ಹೋಗಿದ್ದಾರೆ, ಇಂದಿಗೂ ಹೋಗುತ್ತಾರೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟಿ ನಡೆದವು. ಈಗ ಟ್ರ್ಯಾಕ್ಟರುಗಳು ನಡೆಯುತ್ತವೆ. ಆಷಾಢ ಏಕಾದಶಿಗೆ ಪಂಢರಪುರ. ಯುಗಾದಿಯ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆ. ಕನ್ನಡ ನಾಡು ಬಿಟ್ಟು, ತೆಲುಗು ನಾಡು ಹೊಕ್ಕು, ನಲ್ಲಮಲದ ಕಾಡು ದಾಟಿ ವಾರಗಟ್ಟಲೆ ನಡೆಯುವ ಆ ಯಾತ್ರೆ ಯಾವ ವಿದೇಶ ಪ್ರವಾಸಕ್ಕೂ ಕಡಿಮೆಯಾದುದಲ್ಲ. ಭಕ್ತಿಯ ಭಾಗವನ್ನು ಬದಿಗಿಟ್ಟು ಅದರ ಏರ್ಪಾಡನ್ನಷ್ಟೇ ನೋಡಿದರೂ ಕಲಿಯುವುದು ಬಹಳವಿದೆ. ಒಂದು ಮನೆಯಿಂದ ಎಲ್ಲರೂ ಒಟ್ಟಿಗೆ ಹೋಗುವುದಿಲ್ಲ. ಈ ವರ್ಷ ಹಿರಿಯಣ್ಣ, ಬರುವ ವರ್ಷ ಕಿರಿಯ. ಹೋದವನ ಹೊಲಕ್ಕೆ ಬದಿಯ ಹೊಲದವನು ನೀರು ತಿರುವುತ್ತಾನೆ. ಹೋದವಳ ಎಮ್ಮೆಯನ್ನು ನೆರೆಮನೆಯವಳು ಹಿಂಡಿ ಡೇರಿಗೆ ಹಾಲು ಹಾಕುತ್ತಾಳೆ. ದಾರಿಯ ಊರಿನವರು ನಡೆದು ಬಂದವರಿಗೆ ರೊಟ್ಟಿ, ನೀರು, ಮಲಗಲು ಜಾಗ ಕೊಡುತ್ತಾರೆ. ಇದರ ಹೆಸರು ಮುಯ್ಯಿ. ಮಲೆನಾಡಿನಲ್ಲಿಯೂ ನಾಟಿಯ ಕಾಲದಲ್ಲಿ ಮುಯ್ಯಾಳು ಎಂಬ ಮಾತು ಇನ್ನೂ ಕಿವಿಗೆ ಬೀಳುತ್ತದೆ. ಹಣ ಕೊಟ್ಟು ತೀರಿಸದೆ ದುಡಿಮೆಯಿಂದಲೇ ತೀರಿಸುವ ಸಾಲ ಅದು.

ಮುಯ್ಯಿ ಹಳ್ಳಿಯ ಹಳೆಯ ಪದ್ಧತಿ, ಆಧುನಿಕ ಬದುಕಿಗೆ ಒಗ್ಗದು ಎಂಬ ಭಾವನೆ ವಿದ್ಯಾವಂತರಲ್ಲಿದೆ. ಫಿನ್ಲೆಂಡ್ ದೇಶವನ್ನು ನೋಡಿದರೆ ಆ ಭಾವನೆ ಸಡಿಲವಾದೀತು. ಹಸು ಸಾಕುವ ರೈತನೂ ರಜೆ ಪಡೆಯಬೇಕು ಎಂದು ಆ ದೇಶ 1974ರಿಂದಲೇ ಕಾನೂನಿನ ಮೂಲಕ ಏರ್ಪಾಡು ಮಾಡಿದೆ. ದನ ಸಾಕುವ ರೈತನಿಗೆ ವರ್ಷಕ್ಕೆ 26 ದಿನಗಳ ರಜೆ. ಆ ದಿನಗಳಲ್ಲಿ ಕೊಟ್ಟಿಗೆಯ ಕೆಲಸ ನೋಡಲು ತರಬೇತಾದ ಬದಲಿಯಾಳನ್ನು ಸಾರ್ವಜನಿಕ ವೆಚ್ಚದಲ್ಲಿಯೇ ಕಳುಹಿಸಲಾಗುತ್ತದೆ. ನೆರೆಮನೆಯವಳು ಮಾಡುತ್ತಿದ್ದುದನ್ನು ಅಲ್ಲಿ ಸರಕಾರ ಮಾಡುತ್ತದೆ, ಅಷ್ಟೇ. ಇಲ್ಲಿ ಬಹಳಷ್ಟು ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ; ಹಾಲಿನ ಜಿಡ್ಡನ್ನು ಅಳೆಯುತ್ತವೆ, ಪಶುಆಹಾರ ಕೊಡುತ್ತವೆ. ಊರಿಗೆ ಇಬ್ಬರು ಬದಲಿಯಾಳುಗಳನ್ನು ನೇಮಿಸಿ, ವರ್ಷಕ್ಕೆ ಹತ್ತು ದಿನವಾದರೂ ಸದಸ್ಯರ ಕೊಟ್ಟಿಗೆ ನೋಡಿಕೊಳ್ಳುವಂತೆ ಮಾಡುವುದು ಇಂಥ ಸಂಘಗಳಿಗೆ ಅಸಾಧ್ಯವಾದ ಕೆಲಸವೇನಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ಯಾವ ಮಹಿಳೆಯಾದರೂ ಎದ್ದು ನಿಂತು ಇದನ್ನು ಕೇಳಬೇಕು.

ಇನ್ನು ಪ್ರಯಾಣದ ಭಾರ. ವಿಮಾನಯಾನದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡು ಜಗತ್ತಿನ ಒಟ್ಟು ಪ್ರಮಾಣದಲ್ಲಿ ಶೇಕಡ ಎರಡೂವರೆಯ ಸುಮಾರು. ಕೇಳಲು ಅಲ್ಪವೆನ್ನಿಸುತ್ತದೆ. ಆದರೆ ಅದನ್ನು ಹಂಚಿಕೊಂಡಿರುವವರು ಎಷ್ಟು ಜನ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, 2018ನೆಯ ವರ್ಷದಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನರಲ್ಲಿ ಶೇಕಡ 11 ಮಾತ್ರ. ದೇಶದ ಗಡಿ ದಾಟಿ ಹಾರಿದವರು ಹೆಚ್ಚೆಂದರೆ ಶೇಕಡ 4. ವಿಮಾನ ಪ್ರಯಾಣದ ಅರ್ಧದಷ್ಟು ಹೊಗೆಗೆ ಜಗತ್ತಿನ ಶೇಕಡ ಒಂದರಷ್ಟು ಜನ ಕಾರಣರು. ಬೆಂಗಳೂರಿನಿಂದ ಯುರೋಪಿಗೆ ಸಾಮಾನ್ಯ ದರ್ಜೆಯಲ್ಲಿ ಹೋಗಿಬಂದರೆ ಒಬ್ಬನ ಪಾಲಿಗೆ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡು. ಭಾರತದ ಪ್ರಜೆಯೊಬ್ಬನ ಇಡೀ ವರ್ಷದ ಸರಾಸರಿಯೇ ಸುಮಾರು ಎರಡು ಟನ್. ಬದುಕಿನಲ್ಲಿ ಒಂದೇ ಬಾರಿ ಹಿಮ ನೋಡಲು ಹಾರುವ ಮಸಗುಪ್ಪಿಯ ಶಿಕ್ಷಕಿಯನ್ನೂ, ವಾರಕ್ಕೊಮ್ಮೆ ಸಭೆಗೆಂದು ಹಾರುವ ಅಧಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಪರಿಸರದ ಹೆಸರಿನಲ್ಲಿ ಮಾತನಾಡುವವರು ಈ ತಪ್ಪನ್ನು ಆಗಾಗ ಮಾಡಿದ್ದಾರೆ.

ಭಾರ ಬೀಳುವುದು ಮಾತ್ರ ಹಾರದವರ ಮೇಲೆ. 2019ರ ಆಗಸ್ಟಿನಲ್ಲಿ ಸಹ್ಯಾದ್ರಿಯ ಮೇಲೆ ಸುರಿದ ಮಳೆಗೆ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಒಟ್ಟಿಗೆ ಉಕ್ಕಿದವು. ಗೋಕಾಕ ಪಟ್ಟಣದೊಳಗೆ ನೀರು ಹೊಕ್ಕಿತು, ಲೋಳಸೂರು ಸೇತುವೆ ಮುಳುಗಿತು, ಹೊಳೆಯ ದಂಡೆಯ ಹಳ್ಳಿಗಳ ಕಬ್ಬು ದಿನಗಟ್ಟಲೆ ನೀರಿನಡಿ ನಿಂತು ಕೊಳೆಯಿತು. ಯಾವುದೋ ಒಂದು ವಿಮಾನದ ಹೊಗೆಗೂ ಯಾವುದೋ ಒಂದು ನೆರೆಗೂ ನೇರವಾಗಿ ಗಂಟು ಹಾಕಲು ಬರುವುದಿಲ್ಲ. ಜಲಾಶಯದ ನಿರ್ವಹಣೆ, ಹೊಳೆಯ ಪಾತ್ರದ ಒತ್ತುವರಿ, ಕಾಡಿನ ನಾಶ ಎಲ್ಲವೂ ಅದರಲ್ಲಿ ಸೇರುತ್ತವೆ. ಆದರೆ ವಾತಾವರಣ ಬಿಸಿಯಾದಂತೆ ಮಳೆ ಒಮ್ಮೆಲೇ ಬಿರುಸಾಗಿ ಸುರಿಯುವುದು ಹೆಚ್ಚುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂಶಯವಿಲ್ಲ.

ಕನಸಿನ ದೇಶವೂ ಸುಖವಾಗಿಲ್ಲ. ಪ್ರವಾಸಿಗಳು 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣಕ್ಕೆ ರೈಲಿನಲ್ಲಿ ಏರಿ ಹಿಮವನ್ನು ಕಂಡು ಹಿಗ್ಗುತ್ತಾರೆ. ಆ ರೈಲು 1912ರಿಂದ ಓಡುತ್ತಿದೆ. 2022 ಮತ್ತು 2023 ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಹತ್ತನೆಯ ಒಂದು ಪಾಲು ಹಿಮವನ್ನು ಕಳೆದುಕೊಂಡವು. 2025ರ ಮೇ 28ರಂದು ಬ್ಲಾಟನ್ ಎಂಬ ಬೆಟ್ಟದ ಹಳ್ಳಿಯ ಮೇಲೆ ಹಿಮನದಿಯೊಂದು ಬಂಡೆ ಮಣ್ಣುಗಳೊಡನೆ ಕುಸಿದು, ಊರಿನ ಬಹುಭಾಗವನ್ನು ಹೂತುಹಾಕಿತು. ಮುನ್ಸೂಚನೆ ದೊರೆತಿದ್ದರಿಂದ ಸುಮಾರು 300 ಜನರನ್ನು, ಅವರ ದನಕರುಗಳನ್ನು ಮೊದಲೇ ಹೊರಗೆ ಸಾಗಿಸಲಾಗಿತ್ತು. 2018ರ ಕೊಡಗನ್ನು, 2024ರ ಜುಲೈ 30ರ ವಯನಾಡನ್ನು ಕಂಡವರಿಗೆ ಬ್ಲಾಟನ್ನಿನ ದುಃಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಲನಚಿತ್ರದ ಹಾಡಿನ ಹಿಂದೆ ಕಂಡದ್ದು ಬರಿಯ ಪರದೆಯಲ್ಲ, ಯಾರದೋ ಊರು.

ಈ ಮಾತು ಮಲೆನಾಡಿನವರಿಗೆ ತಾನಾಗಿ ತಿಳಿದಿದೆ, ಏಕೆಂದರೆ ಬಯಲಿನ ಪಟ್ಟಣಗಳ ಪಾಲಿಗೆ ಅವರ ಊರೇ ಕನಸಿನ ತಾಣ. ಶನಿವಾರ ಬೆಳಿಗ್ಗೆ ಘಾಟಿಯಲ್ಲಿ ನಿಲ್ಲುವ ಕಾರುಗಳ ಸಾಲು, ತೊರೆಯ ದಂಡೆಯ ಬಾಟಲಿಗಳು, ಬೇಸಿಗೆಯಲ್ಲಿ ಹೋಂಸ್ಟೇಯ ತೊಟ್ಟಿಗೆ ಹೋಗುವ ನೀರು, ಕೆಳಗಿನ ಕೇರಿಯ ಒಣಗಿದ ಬಾವಿ ಇವುಗಳನ್ನು ವಿವರಿಸುವುದು ಅನಗತ್ಯ. ಅತಿಥಿಗಳ ಒತ್ತಡ ತಾಳಲಾರದೆ ವೆನಿಸ್ ನಗರ 2024ರ ಏಪ್ರಿಲಿನಿಂದ, ಆಯ್ದ ದಿನಗಳಲ್ಲಿ, ಹಗಲಿಗೆ ಬಂದುಹೋಗುವವರಿಂದ 5 ಯೂರೋ ವಸೂಲಿ ಮಾಡತೊಡಗಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅದೇ ವರ್ಷದ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಬೆಟ್ಟದ ವಿದ್ಯಾರ್ಥಿಯೊಬ್ಬ ಮುಂದೆ ವಿದೇಶಕ್ಕೆ ಹೋದಾಗ, ತನ್ನೂರಿಗೆ ಬರುವ ಯಾವ ಬಗೆಯ ಪ್ರವಾಸಿಯನ್ನು ತಾನು ಮೆಚ್ಚಿದ್ದನೋ ಅಂಥವನಾಗಿ ಹೋಗಬಲ್ಲ. ಈ ಅನುಕೂಲ ನಗರದವನಿಗಿಲ್ಲ.

ವಿಮಾನ ಹತ್ತದೆಯೂ ವಿದೇಶಕ್ಕೆ ಹೋಗಬಹುದು ಎಂಬುದು ಹಲವರ ಗಮನದಲ್ಲಿಲ್ಲ. ಮಸಗುಪ್ಪಿಯ ಸೀಮೆಗೆ ಘಟಪ್ರಭಾ ಮತ್ತು ಗೋಕಾಕ ರೋಡ್ ಹತ್ತಿರದ ರೈಲು ನಿಲ್ದಾಣಗಳು. ಅಲ್ಲಿ ಹತ್ತಿ, ಮಿರಜ ದಾಟಿ, ನಡುವೆ ಗಾಡಿ ಬದಲಿಸುತ್ತ ಕೋಲ್ಕತ್ತಾ ಮುಟ್ಟಿ, ಉತ್ತರ ಬಂಗಾಳದ ಹಾಸಿಮಾರಾದಲ್ಲಿ ಇಳಿದರೆ ಅರ್ಧ ಗಂಟೆಯ ರಸ್ತೆಯಲ್ಲಿ ಭೂತಾನದ ಗಡಿಯ ಬಾಗಿಲು. ಮೂರು ನಾಲ್ಕು ದಿನಗಳ ಹಾದಿ. ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ದೇಶದ ಶೇಕಡ 60ರಷ್ಟು ನೆಲ ಎಂದೆಂದೂ ಕಾಡಾಗಿಯೇ ಇರಬೇಕೆಂದು ಭೂತಾನದ ಸಂವಿಧಾನವೇ ಹೇಳುತ್ತದೆ. 2022ರ ಸೆಪ್ಟೆಂಬರಿನಿಂದ ಭಾರತೀಯ ಪ್ರವಾಸಿಯೊಬ್ಬನಿಂದ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕವನ್ನೂ ಆ ದೇಶ ಪಡೆಯುತ್ತಿದೆ. ದುಬಾರಿ ಎಂದು ಗೊಣಗುವವರಿದ್ದಾರೆ. ಬೆಟ್ಟದ ದೇಶವೊಂದು ತನ್ನ ಬಾಗಿಲಿಗೆ ತಾನೇ ಬೆಲೆ ಕಟ್ಟಿದ್ದನ್ನು ಬೆಟ್ಟದವರಾದರೂ ಒಪ್ಪಬೇಕು.

ಘಟಪ್ರಭೆಯ ಧೂಪದಾಳದಲ್ಲಿ 1974ರಲ್ಲಿ ಘೋಷಿತವಾದ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆಗಳು, ಮಧ್ಯ ಏಷ್ಯಾದ ಬೂದು ಕ್ರೌಂಚಗಳು ಅಲ್ಲಿಗೆ ಬಂದು ಇಳಿಯುತ್ತವೆ, ತಿಂಗಳುಗಳ ಕಾಲ ತಂಗಿ ಹಿಂದಿರುಗುತ್ತವೆ. ಹತ್ತು ದಿನಗಳಲ್ಲಿ ಏಳು ದೇಶ ತೋರಿಸುವ ಪ್ರವಾಸ ಅವುಗಳಿಗೆ ಗೊತ್ತಿಲ್ಲ.

ಕೊನೆಗೆ ಕಾಲದ ಲೆಕ್ಕಕ್ಕೇ ಮರಳಬೇಕು. ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ. ಅಷ್ಟರಲ್ಲಿ ಒಂದು ದೊಡ್ಡ ಪ್ರವಾಸ ಸಾಕು. ಹೋದರೆ ತಿಂಗಳಾದರೂ ಇದ್ದು, ಒಂದೇ ನಾಡನ್ನು ಕಂಡು ಬರುವಂತಿರಬೇಕು. ಅಂಥ ತಿಂಗಳು ರೈತನ ಮನೆಯಲ್ಲಿ ಇಲ್ಲದೇ ಇಲ್ಲ. ಗಬ್ಬವಾದ ಎಮ್ಮೆ ಈಯುವ ಮುನ್ನ ಎರಡು ತಿಂಗಳಷ್ಟು ಬತ್ತಿರುತ್ತದೆ. ಕಬ್ಬು ಕಾರ್ಖಾನೆಗೆ ಹೋಗಿ, ಕುಳೆಗೆ ಮೊದಲ ನೀರು ಗೊಬ್ಬರವಾದ ಮೇಲೆ ಹೊಲದ ಕೆಲಸ ಒಬ್ಬ ನೆರೆಯವನಿಂದ ಸಾಗುತ್ತದೆ. ಎರಡೂ ಒಂದೇ ಕಾಲಕ್ಕೆ ಕೂಡಿಬರುವಂತೆ ಒಂದು ವರ್ಷ ಮುಂಚೆಯೇ ಎಣಿಸಬೇಕು, ಮೇವು ಹಾಕಲು ನೆರೆಮನೆಯವಳಿಗೆ ಮೊದಲೇ ಹೇಳಿಟ್ಟಿರಬೇಕು. ಅದರ ಮರುವರ್ಷ ಅವಳು ಹೊರಡುವಾಗ ಅವಳ ಎಮ್ಮೆ ಹಾಲು ಬಿಡುತ್ತಿದ್ದರೆ, ಹಿಂಡಲು ಬರುವ ಕೈಯ ಗುರುತು ಅದಕ್ಕೆ ಆಗಲೆಂದು ಹದಿನೈದು ದಿನ ಮೊದಲಿನಿಂದಲೇ ಹೋಗಿ ಹಿಂಡತೊಡಗಬೇಕು.